ಪ್ರತಿಕ್ರಿಯೆ: ಟಿವಿ ಕಾರ್ಟೂನ್‌ಗಳ ಕಾಲ ಮುಗಿಯಿತಾ?
ಡಿಸ್ನಿ ಚಾನೆಲ್‌ನ ಕಾರ್ಟೂನ್ ಸರಣಿ ‘ದಿ ಔಲ್ ಹೌಸ್’ ಮೊಟಕಾದ ಮೇಲೆ ಹೊಸ ಕಾರ್ಟೂನ್‌ಗಳನ್ನು ನಂಬಿ ನೋಡಬಹುದಾ ಅಂತ ಕೇಳಿದ್ದೀರಿ. ಚಾನೆಲ್‌ಗಳನ್ನು ನಂಬಬೇಡಿ, ಮಾಡುವವರನ್ನು ನಂಬಿ. ಡಿಸ್ನಿ ಮೂರನೇ ಸೀಸನ್ನನ್ನು ಬರೀ 3 ವಿಶೇಷ ಕಂತುಗಳಿಗೆ ಇಳಿಸಿತು. 2023ರ ಏಪ್ರಿಲ್‌ನಲ್ಲಿ ಕಥೆ ಮುಗಿಯಿತು. ಆದರೂ ಕೊನೆಯ ಕಂತಿನಲ್ಲಿ ಕಥಾನಾಯಕಿ ಲೂಜ್, ಟೈಟನ್ ಅನ್ನೋ ದೈತ್ಯ ಜೀವಿಯ ಜೊತೆ ಮಾತಾಡುವ ದೃಶ್ಯ ಇದೆ ಅಲ್ವಾ? ಅಲ್ಲಿ ಒಂಚೂರೂ ಅವಸರ ಕಾಣುವುದಿಲ್ಲ.

ಅದರ ಸೃಷ್ಟಿಕರ್ತೆ ಡೇನಾ ಟೆರೇಸ್ ಆಮೇಲೆ ಆಸ್ಟ್ರೇಲಿಯಾದ ಗ್ಲಿಚ್ ಸ್ಟುಡಿಯೋ ಜೊತೆ ಸೇರಿ ‘ನೈಟ್ಸ್ ಆಫ್ ಗ್ವಿನೆವೆರ್’ ಅನ್ನೋ ಹೊಸ ಕಾರ್ಟೂನ್ ಶುರು ಮಾಡಿದರು. ಮೊದಲ ಕಂತು 2025ರಲ್ಲಿ ನೇರವಾಗಿ ಯೂಟ್ಯೂಬ್‌ಗೇ ಬಂತು. ನೋಡಲು ದುಡ್ಡು ಕೊಡಬೇಕಿಲ್ಲ. ಅಭಿಮಾನಿಗಳು ಕೊಳ್ಳುವ ಗೊಂಬೆ, ಟೀ ಶರ್ಟ್‌ಗಳೇ ಇಂಥ ಸ್ಟುಡಿಯೋಗೆ ದೊಡ್ಡ ಆಸರೆ. ಕಂತುಗಳ ನಡುವೆ ಮಾತ್ರ ಜಾಸ್ತಿ ಕಾಯಬೇಕು. ಸುಮ್ನೆ ‘ಯಾವಾಗ, ಯಾವಾಗ’ ಅಂತ ಕಲಾವಿದರ ಬೆನ್ನು ಹತ್ತಬೇಡಿ.