ಸಾಲವೊಂದೇ ಸಾಲದು

ನಮಸ್ಕಾರ. ದಕ್ಷಿಣ ಆಫ್ರಿಕಾದ ಹಳ್ಳಿಗಳಲ್ಲಿ ಗಂಡನ ಹಿಂಸೆಗೆ ಸಿಲುಕಿದ ಬಡ ಮಹಿಳೆಯರಿಗಾಗಿ ಕಿರುಸಾಲ ಸಂಸ್ಥೆಗೆ ದೇಣಿಗೆ ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ಸಾಲದು ಎಂಬುದು ನನ್ನ ಅಭಿಪ್ರಾಯ.

ಆ ದೇಶದ ಲಿಂಪೊಪೊ ಪ್ರಾಂತ್ಯದಲ್ಲಿ 2001ರಿಂದ ನಡೆದ ‘ಇಮೇಜ್’ ಪ್ರಯೋಗವನ್ನು ಗಮನಿಸಿ. ನಮ್ಮ ಸ್ವಸಹಾಯ ಸಂಘಗಳನ್ನು ನೆನಪಿಸುವಂತೆ ಅಲ್ಲಿ ಐದೈದು ಮಹಿಳೆಯರು ಪರಸ್ಪರ ಜಾಮೀನು ನಿಂತು ಸಣ್ಣ ವ್ಯಾಪಾರಕ್ಕೆ ಸಾಲ ಪಡೆಯುತ್ತಿದ್ದರು. ಸಾಲದ ವ್ಯವಹಾರಕ್ಕಾಗಿ ಹದಿನೈದು ದಿನಕ್ಕೊಮ್ಮೆ ಸೇರುತ್ತಿದ್ದ ಅದೇ ಸಭೆಗಳಲ್ಲಿ ಹಿಂಸೆ, ಎಚ್‌ಐವಿ ಮತ್ತು ಹೆಣ್ಣಿನ ಸ್ಥಾನಮಾನದ ಬಗ್ಗೆ ಹತ್ತು ಪಾಠಗಳ ಚರ್ಚೆಯೂ ನಡೆಯುತ್ತಿತ್ತು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವರ್ಷಗಳಲ್ಲಿ ಅವರ ಮೇಲಿನ ಸಂಗಾತಿಯ ಹಿಂಸೆ ಶೇ. 55ರಷ್ಟು ತಗ್ಗಿತು. ಬರೀ ಸಾಲ ಪಡೆದ ಗುಂಪುಗಳಲ್ಲಿ ಹಣಕಾಸು ಸುಧಾರಿಸಿತಾದರೂ ಹಿಂಸೆಯ ವಿಷಯದಲ್ಲಿ ಅಂಥ ಫಲ ಕಾಣಲಿಲ್ಲ. ಸಭೆಗೆ ಹೇಗೂ ಬರಲೇಬೇಕಿತ್ತು ಎಂಬುದೇ ಈ ಯೋಜನೆಯ ಜಾಣತನವೆಂದು ನನಗೆ ತೋರುತ್ತದೆ.

ಈಗಾಗಲೇ ಏಟು ತಿಂದು ಮನೆ ಬಿಟ್ಟವಳ ಅಗತ್ಯ ಬೇರೆ. 1998ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಅಲ್ಲಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಿಂದ ರಕ್ಷಣಾ ಆದೇಶ ಪಡೆಯಬಹುದು. ಆದರೆ ಹಳ್ಳಿಯಿಂದ ಅಲ್ಲಿಗೆ ಹೋಗುವ ಬಾಡಿಗೆ, ಜೊತೆಗೊಬ್ಬರು, ಆ ರಾತ್ರಿ ತಂಗಲು ಒಂದು ಸೂರು, ಇವನ್ನು ಒದಗಿಸುವಿರಾ ಎಂದು ಸಂಸ್ಥೆಯವರನ್ನು ಮೊದಲು ವಿಚಾರಿಸಿ.