ಸಂಕ ದಾಟುವ ನಡಿಗೆ

ತಮಾ,

ಜನವರಿಯಲ್ಲಿ ಟೊರೊಂಟೊಗೆ ಬರುತ್ತಿದ್ದೇನೆ, ನೆಲೆಯೂರಲು ಎಷ್ಟು ತಿಂಗಳು ಬೇಕು ಎಂದು ಕೇಳಿದ್ದೀಯ. ಅದರ ಬೆನ್ನಿಗೆ ಕೆಲಸ, ಲೈಸೆನ್ಸ್, ಚಳಿ, ಊಟ, ಸ್ವಂತ ಮನೆ ಎಂದು ಒಂದು ಪಟ್ಟಿಯನ್ನೂ ಕಳಿಸಿದ್ದೀಯ. ನೋಡಿ ನಗು ಬಂತು. 2008ರ ಜನವರಿಯಲ್ಲಿ ನಾನು ಇಲ್ಲಿ ವಿಮಾನದಿಂದ ಇಳಿದಾಗ ನನ್ನ ಕಿಸೆಯಲ್ಲೂ ಇಂಥದ್ದೇ ಪಟ್ಟಿಯಿತ್ತು. ನಾನು ನಿನಗಿಂತ ಒಂದು ಕೈ ಮೇಲೆ, ಪ್ರತಿಯೊಂದರ ಎದುರಿಗೂ ತಿಂಗಳು ಬರೆದುಕೊಂಡಿದ್ದೆ.

ಸಣ್ಣವನ್ನು ಮೊದಲು ಮುಗಿಸುತ್ತೇನೆ. ಚಳಿ ಅಭ್ಯಾಸವಾಗುತ್ತದೆ. ಡ್ರೈವಿಂಗ್ ಲೈಸೆನ್ಸಿಗೆ ಮೂರು ಹಂತಗಳಿವೆ, ಬಂದ ಮೇಲೆ ನೋಡೋಣ. ಅಪ್ಪೆಮಿಡಿ ಉಪ್ಪಿನಕಾಯಿ ಧಾರಾಳವಾಗಿ ತಾ, ಆದರೆ ಕಸ್ಟಮ್ಸ್‌ನವರು ಕೇಳಿದಾಗ ಮುಚ್ಚಿಡಬೇಡ. ಕಾಗದದಷ್ಟು ತೆಳುವಾದ ಸಿಹಿ ತೊಡದೇವು ತರುವ ಸಾಹಸ ಬೇಡ, ದುಬೈ ದಾಟುವಷ್ಟರಲ್ಲಿ ಪುಡಿಯಾಗಿರುತ್ತದೆ. ಪೌರತ್ವಕ್ಕೆ ಐದು ವರ್ಷಗಳಲ್ಲಿ 1095 ದಿನ ಈ ನೆಲದ ಮೇಲಿರಬೇಕು. ಊರಿಗೆ ಹೋಗಿಬಂದ ದಿನಾಂಕಗಳನ್ನು ಮೊದಲಿನಿಂದಲೇ ಒಂದು ಕಡೆ ಬರೆದಿಡು.

ಕೆಲಸದ ವಿಷಯ. ನನ್ನ ಕಾಲದಲ್ಲಿ ಹೋದಲ್ಲೆಲ್ಲ 'ಕೆನಡಾದ ಅನುಭವ ಇದೆಯೇ' ಎಂದು ಕೇಳುತ್ತಿದ್ದರು. ಒಂಟಾರಿಯೊದಲ್ಲಿ 2026ರ ಜನವರಿಯಿಂದ ಇಪ್ಪತ್ತೈದು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳು ಜಾಹೀರಾತಿನಲ್ಲಿ ಹಾಗೆ ಬೇಡುವಂತಿಲ್ಲ. ಮನಸ್ಸಿನಲ್ಲಿ ಕೇಳಿಕೊಳ್ಳುವುದನ್ನು ಯಾವ ಕಾನೂನು ತಡೆಯುತ್ತದೆ? ಒಂದು ವರ್ಷದ ಖರ್ಚು ಕೈಯಲ್ಲಿಟ್ಟುಕೊಂಡು ಬಾ, ಮೊದಲು ಸಿಕ್ಕ ಕೆಲಸಕ್ಕೆ ನಾಚಬೇಡ. ನಾನು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದ್ದೇನೆ.

ಆ ಗೋದಾಮಿಗೆ ಹೋಗುವ ಬಸ್ಸಿಗಾಗಿ ಓಡಿಯೇ ನಾನು ಬಿದ್ದದ್ದು. ಬಂದು ಎರಡನೆಯ ವಾರ. ಬಸ್ಸು ಇನ್ನೂ ಸಿಗ್ನಲ್ಲಿನ ಆಚೆಗಿತ್ತು, ನಿಧಾನವಾಗಿ ನಡೆದಿದ್ದರೂ ಸಿಗುತ್ತಿತ್ತು. ಕಾಲುದಾರಿ ಬರೀ ಒದ್ದೆಯಾದಂತೆ ಕಾಣುತ್ತಿತ್ತು, ಅದು ಕಣ್ಣಿಗೆ ಕಾಣದ ಮಂಜುಗಡ್ಡೆ. ಬಲಗೈ ಮಣಿಕಟ್ಟು ಮುರಿಯಿತು. ಆಗ ಹೊಸಬರು ಸರ್ಕಾರದ ಆರೋಗ್ಯ ವಿಮೆಗೆ ಮೂರು ತಿಂಗಳು ಕಾಯಬೇಕಿತ್ತು. ಅಷ್ಟು ದಿನಕ್ಕೆ ಖಾಸಗಿ ವಿಮೆ ಮಾಡಿಸಿಕೊಳ್ಳದೆ ದುಡ್ಡು ಉಳಿಸಿದ ಜಾಣ ನಾನು, ಆಸ್ಪತ್ರೆಗೆ ಅದರ ಹತ್ತು ಪಟ್ಟು ಕಟ್ಟಿದೆ. ಆ ಮೂರು ತಿಂಗಳ ನಿಯಮವನ್ನು 2020ರಲ್ಲಿ ತೆಗೆದರು, ನೀನು ಪುಣ್ಯವಂತ.

ನಿನಗೆ ಜಾರುವ ನೆಲದ ಮೇಲಿನ ನಡಿಗೆ ಹೊಸದಲ್ಲ. ಆಷಾಢದಲ್ಲಿ ಪಾಚಿ ಕಟ್ಟಿದ ಅಡಿಕೆ ದಬ್ಬೆಯ ಸಂಕದ, ಅಂದರೆ ಕಾಲುಸೇತುವೆಯ, ಮೇಲೆ ತಲೆಯಲ್ಲಿ ಸೊಪ್ಪಿನ ಹೊರೆ ಹೊತ್ತು ಹಳ್ಳ ದಾಟಿದವನು ನೀನು. ಚಿಕ್ಕ ಹೆಜ್ಜೆ, ಇಡೀ ಪಾದ ಊರಬೇಕು, ಭಾರ ಮುಂದಿನ ಕಾಲಿನ ಮೇಲೆ ಬಂದ ಮೇಲೆಯೇ ಹಿಂದಿನದನ್ನು ಎತ್ತಬೇಕು. ಇಲ್ಲಿಯೂ ಅಷ್ಟೇ. ಕೈ ಮಾತ್ರ ಜೇಬಿನಲ್ಲಿರಬಾರದು.

ಇನ್ನು ಮನೆ. ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ನನ್ನ ಜೊತೆ ಬಂದವರೆಲ್ಲ ಎರಡನೆಯ ವರ್ಷಕ್ಕೇ ಮನೆ ಕೊಂಡರು, ನನಗೆ ಹೊಟ್ಟೆಯಲ್ಲಿ ಬೆಂಕಿ. ಇಲ್ಲಿ ಮನೆಯ ಬೆಲೆಯ ಶೇಕಡಾ 20ರಷ್ಟನ್ನು ಮೊದಲೇ ಕೊಟ್ಟರೆ ಸಾಲದ ವಿಮೆಯ ಖರ್ಚು ಉಳಿಯುತ್ತದೆ. ಆ ಲೆಕ್ಕವೇ ತಲೆಗೆ ಹತ್ತಿತು. 2010ರಲ್ಲಿ ಹದಿನೈದು ದಿನದ ರಜೆಗೆ ಊರಿಗೆ ಬಂದು, ತೋಟದಲ್ಲಿ ನನ್ನ ಹಿಸ್ಸೆಗೆ ಬಂದಿದ್ದನ್ನು ಮಾರಿದೆ. ತೋಟದ ಜೊತೆಗೆ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವೂ ಹೋಯಿತು. ಅಪ್ಪಯ್ಯ ಬೇಡ ಎನ್ನಲಿಲ್ಲ. ಆ ಹಿಸ್ಸೆಯ ಕೆಳಗಿನ ಭಾಗದಲ್ಲಿ ಅವರು ಐದು ವರ್ಷಗಳ ಹಿಂದೆ ಹೊಸ ಅಡಿಕೆ ಸಸಿ ನೆಟ್ಟಿದ್ದರು. ಪ್ರತಿ ಬೇಸಿಗೆಯೂ ನೀರು, ಗೊಬ್ಬರ, ಬುಡಕ್ಕೆ ದರಕು, ಅಂದರೆ ಒಣಎಲೆ. "ಸಸಿ ಸಿಂಗಾರ ಬಿಟ್ಟದ್ದು ನೋಡಿದೆಯಾ?" ಎಂದಷ್ಟೇ ಕೇಳಿದರು. ಆ ಅಡಿಕೆ ಹೂವನ್ನು ನಾನು ನೋಡಿರಲಿಲ್ಲ, ನನಗೆ ಬಿಡುವಿರಲಿಲ್ಲ.

ನೋಂದಣಿಯ ದಿನ ಬೆಳಿಗ್ಗೆ ಅವರನ್ನು ಕರೆಯಲು ತೋಟಕ್ಕೆ ಹೋದೆ. ರಾತ್ರಿ ಬಿದ್ದ ಅಡಿಕೆ ಹಾಳೆಗಳನ್ನು ಒಂದೊಂದಾಗಿ ಹೆಕ್ಕಿ ದಂಡೆಯ ಮೇಲೆ ಪೇರಿಸುತ್ತಿದ್ದರು. "ಅಪ್ಪಯ್ಯ, ಇನ್ನು ಅದು ನಮ್ಮದಲ್ಲವಲ್ಲ" ಎಂದೆ. ಉತ್ತರ ಕೊಡಲಿಲ್ಲ. ಬಗ್ಗಿ ಇನ್ನೊಂದು ಹಾಳೆ ಎತ್ತಿಕೊಂಡರು.

ನಾಲ್ಕು ವರ್ಷ ಬಾಡಿಗೆಯ ಮನೆಯಲ್ಲಿದ್ದಿದ್ದರೆ ಆ ಹಣ ಸಂಬಳದಲ್ಲಿಯೇ ಕೂಡುತ್ತಿತ್ತು. ಈಗ ಮನೆಯಿದೆ, ಎದುರಿಗೆ ಮೇಪಲ್ ಮರವಿದೆ, ನವೆಂಬರಿನಲ್ಲಿ ಅದರ ಎಲೆ ಗುಡಿಸುವುದು ನನ್ನ ಕೆಲಸ. ಆಚೆ ಎಸೆಯದೆ ಅದನ್ನು ಗುಲಾಬಿಯ ಬುಡಕ್ಕೆ ಹಾಕುತ್ತೇನೆ, ಹೆಂಡತಿ ನಗುತ್ತಾಳೆ.

ಕಳೆದ ಮಾರಿಕಾಂಬಾ ಜಾತ್ರೆಗೆ ಶಿರಸಿಗೆ ಬಂದಿದ್ದೆ. ಬಳೆಪೇಟೆ, ತೇರು ಎಲ್ಲ ಮುಗಿಸಿ ಒಂದು ಸಂಜೆ ಒಬ್ಬನೇ ತೋಟದ ಕಡೆ ನಡೆದೆ. ಸಂಕದ ಈಚೆ ನಿಂತಾಗಲೇ ಸಿಂಗಾರದ ವಾಸನೆ ಮೂಗಿಗೆ ಬಂತು. ಕೊಂಡವರು ಚೆನ್ನಾಗಿಯೇ ನೋಡಿಕೊಂಡಿದ್ದಾರೆ, ಅಪ್ಪಯ್ಯ ನೆಟ್ಟವು ಈಗ ಕತ್ತು ಎತ್ತಿ ನೋಡುವಷ್ಟು ಎತ್ತರ. ಆಚೆ ದಾಟಲಿಲ್ಲ.

ನಿನ್ನ ಆಯಿಗೆ ನಮಸ್ಕಾರ ಹೇಳು. ಬೂಟು ಮಾತ್ರ ಅಲ್ಲಿ ಕೊಳ್ಳಬೇಡ, ಅಲ್ಲಿಯ ಬೂಟಿನ ಅಡಿ ಇಲ್ಲಿಯ ಮಂಜಿಗೆ ನಿಲ್ಲುವುದಿಲ್ಲ. ಬಂದ ಮರುದಿನ ನಾನೇ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ. ವಿಮಾನ ನಿಲ್ದಾಣಕ್ಕೆ ನಿನಗಾಗುವ ಒಂದು ದಪ್ಪ ಕೋಟು ತರುತ್ತೇನೆ, ಹೊರಗೆ ಬರುವ ಮೊದಲು ಹಾಕಿಕೋ.