ಹಣದ ಪ್ರಶ್ನೆ: ಬ್ಯಾಂಕಿನವರ ಮಾತೋ, ಫೀಸ್ ಕೊಟ್ಟ ಸಲಹೆಯೋ?

ಪ್ರಶ್ನೆ: ಅರವತ್ತು ತುಂಬಿ ಶಾಲೆಯಿಂದ ನಿವೃತ್ತಳಾದೆ. ಖಾತೆಗೆ 38 ಲಕ್ಷ ಬಂದ ವಾರದಲ್ಲೇ ಬ್ಯಾಂಕಿನ ರಿಲೇಷನ್‌ಶಿಪ್ ಮ್ಯಾನೇಜರ್ ಮನೆಗೆ ಬಂದರು. ವರ್ಷಕ್ಕೆ 5 ಲಕ್ಷದಂತೆ ಐದು ವರ್ಷ ಯುಲಿಪ್ (ವಿಮೆಯೂ ಹೂಡಿಕೆಯೂ ಸೇರಿದ ಪಾಲಿಸಿ), ಜೊತೆಗೆ 20 ಲಕ್ಷ ಮ್ಯೂಚುವಲ್ ಫಂಡ್‌ಗೆ ಹಾಕಿ ಎನ್ನುತ್ತಾರೆ. ಸಲಹೆಗೆ ಫೀಸ್ ಇಲ್ಲವಂತೆ. ಮಗ ಮಾತ್ರ ಫೀಸ್ ಕೊಟ್ಟು ಸ್ವತಂತ್ರ ಸಲಹೆಗಾರರನ್ನು ಕೇಳಮ್ಮ ಎನ್ನುತ್ತಾನೆ.
— ನಿವೃತ್ತ ಶಿಕ್ಷಕಿ, ಕಲಬುರಗಿ

ಉತ್ತರ: ಮೊದಲು ಕೂಡಿಸಿ ನೋಡಿ. ಐದು ಕಂತು 25 ಲಕ್ಷ, ಫಂಡ್ 20 ಲಕ್ಷ, ಒಟ್ಟು 45. ನಿಮ್ಮ ಕೈಲಿರುವುದು 38. ಕೊನೆಯ ಕಂತುಗಳಿಗೆ ಫಂಡ್ ಮಾರಬೇಕು, ಇಲ್ಲವೇ ಪಿಂಚಣಿಯಿಂದ ಕಟ್ಟಬೇಕು. ನಡುವೆ ಕಂತು ನಿಲ್ಲಿಸಿದರೆ ಯುಲಿಪ್ ಹಣ ಐದು ವರ್ಷ ತುಂಬುವವರೆಗೆ ಕೈಗೆ ಸಿಗುವುದಿಲ್ಲ. ಈಗಾಗಲೇ ಸಹಿ ಹಾಕಿದ್ದರೆ, ಪಾಲಿಸಿ ಕೈಸೇರಿದ 30 ದಿನದೊಳಗೆ ಲಿಖಿತವಾಗಿ ಹಿಂತಿರುಗಿಸಬಹುದು.

ಫೀಸ್ ಇಲ್ಲ ಎನ್ನುವುದು ಅರ್ಧ ನಿಜ. ಬ್ಯಾಂಕಿಗೆ ವಿಮಾ ಕಂಪನಿ, ಫಂಡ್ ಕಂಪನಿಗಳಿಂದ ಕಮಿಷನ್ ಬರುತ್ತದೆ. ಅದು ಹೋಗುವುದು ನಿಮ್ಮ ಹಣದಿಂದಲೇ. ಆ ಮ್ಯಾನೇಜರ್ ಕೆಟ್ಟವರೆಂದಲ್ಲ, ಅವರಿಗೆ ಟಾರ್ಗೆಟ್ ಇರುತ್ತದೆ. ಇನ್ನೊಂದು: ಬ್ಯಾಂಕಿನಲ್ಲೇ ಕೊಂಡರೂ ಫಂಡ್, ಯುಲಿಪ್‌ಗಳಿಗೆ ಬ್ಯಾಂಕ್ ಠೇವಣಿಗಿರುವ 5 ಲಕ್ಷದವರೆಗಿನ ವಿಮೆ ಇಲ್ಲ.

ಅವರು ಹೇಳದೆ ಬಿಟ್ಟದ್ದು ಹಿರಿಯ ನಾಗರಿಕರ ಉಳಿತಾಯ ಯೋಜನೆ. ಅಂಚೆ ಕಚೇರಿಯಲ್ಲೂ ಹಲವು ಬ್ಯಾಂಕುಗಳಲ್ಲೂ ತೆರೆಯಬಹುದು. ಮಿತಿ 30 ಲಕ್ಷ. ಬಡ್ಡಿ 8.2 ಶೇಕಡಾ ಇರುವಾಗ ತೆರೆದರೆ ಐದು ವರ್ಷ ಅದೇ ದರ. ಪೂರ್ತಿ 30 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಖಾತೆಗೆ ಬೀಳುತ್ತದೆ. ಬಡ್ಡಿಗೆ ತೆರಿಗೆ ಉಂಟು. ವರ್ಷ ತುಂಬುವ ಮೊದಲೇ ಮುಚ್ಚಿದರೆ ಬಡ್ಡಿ ಸಿಗದು, ಆದ್ದರಿಂದ ಆಸ್ಪತ್ರೆ ಖರ್ಚಿಗೆಂದು 4 ಲಕ್ಷ ಎಫ್‌ಡಿಯಲ್ಲಿ ಬೇರೆಯಿಡಿ. ಉಳಿದದ್ದು 4 ಲಕ್ಷ. ಅಷ್ಟಕ್ಕೆ ವರ್ಷವರ್ಷವೂ ಫೀಸ್ ಕೊಡುವ ಸಲಹೆಗಾರರು ಬೇಕಿಲ್ಲ; ಒಮ್ಮೆ ಫೀಸ್ ಕೊಟ್ಟು ಪೂರ್ತಿ ಲೆಕ್ಕ ಬರೆಸಿಕೊಂಡರೆ ಸಾಕು. ಮಗನ ಮಾತು ಅಷ್ಟರಮಟ್ಟಿಗೆ ಸರಿ.

ಪ್ರಶ್ನೆ: ನಮ್ಮೂರಲ್ಲಿ ‘ಫೈನಾನ್ಷಿಯಲ್ ಅಡ್ವೈಸರ್’ ಬೋರ್ಡು ನಾಲ್ಕಾರು ಕಡೆ ಇವೆ. ನಿಜವಾದ ಸ್ವತಂತ್ರರನ್ನು ಗುರುತಿಸುವುದು ಹೇಗೆ?
— ಓದುಗರು, ಯಾದಗಿರಿ

ಉತ್ತರ: ಬೋರ್ಡು ಬಿಡಿ, ನೋಂದಣಿ ಸಂಖ್ಯೆ ಕೇಳಿ. ‘ಐಎನ್ಎ’ ಎಂದು ಶುರುವಾದರೆ ಷೇರು ಪೇಟೆ ನಿಯಂತ್ರಕ ಸೆಬಿಯಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರು. ಸೆಬಿ ಜಾಲತಾಣದ ಪಟ್ಟಿಯಲ್ಲಿ ಹೆಸರು ತಾಳೆ ನೋಡಿ. ‘ಎಆರ್‌ಎನ್’ ಸಂಖ್ಯೆ ತೋರಿಸಿದರೆ ಕಮಿಷನ್ ಮೇಲೆ ಫಂಡ್ ಮಾರುವ ವಿತರಕರು. ಮಾರುವುದು ತಪ್ಪಲ್ಲ, ಆದರೆ ಅದು ಸ್ವತಂತ್ರ ಸಲಹೆಯೂ ಅಲ್ಲ. ಊರಲ್ಲೇ ಇರಬೇಕೆಂದೇನಿಲ್ಲ, ವಿಡಿಯೊ ಕರೆಯಲ್ಲೂ ಕೆಲಸ ಆಗುತ್ತದೆ. ಲಿಖಿತ ಒಪ್ಪಂದ ಇರಲಿ. ಫೀಸ್ ಮಾತ್ರ ಅವರಿಗೆ. ಹೂಡಿಕೆ ಹಣ ಎಂದೂ ಅವರ ಖಾತೆಗೆ ಹಾಕಬೇಡಿ.

ಈಗಾಗಲೇ ಕೊಂಡ ಫಂಡ್ ಇದ್ದರೆ ಸ್ಟೇಟ್‌ಮೆಂಟ್‌ನಲ್ಲಿ ‘ರೆಗ್ಯುಲರ್’ ಎಂದಿದೆಯೋ ‘ಡೈರೆಕ್ಟ್’ ಎಂದಿದೆಯೋ ನೋಡಿ. 2013ರ ಜನವರಿಯಿಂದ ಎರಡೂ ಇವೆ. ರೆಗ್ಯುಲರ್‌ನಲ್ಲಿ ವಿತರಕರಿಗೆ ಕಮಿಷನ್ ಹೋಗುತ್ತದೆ, ಡೈರೆಕ್ಟ್‌ನಲ್ಲಿ ಕಮಿಷನ್ ಇಲ್ಲ. ವ್ಯತ್ಯಾಸ ವರ್ಷಕ್ಕೆ ಒಂದು ಶೇಕಡಾ ಎಂದುಕೊಳ್ಳಿ: 20 ಲಕ್ಷ ಹತ್ತು ವರ್ಷದಲ್ಲಿ 11 ಶೇಕಡಾದಂತೆ 56.8 ಲಕ್ಷ, 10ರಂತೆ 51.9 ಲಕ್ಷ. ಆದರೂ ಅವಸರದಲ್ಲಿ ಬದಲಿಸಬೇಡಿ. ಬದಲಾವಣೆಯನ್ನು ಮಾರಾಟವೆಂದೇ ಲೆಕ್ಕ ಹಿಡಿಯುತ್ತಾರೆ. ಎಕ್ಸಿಟ್ ಲೋಡ್ (ಬೇಗ ಹೊರಬಂದರೆ ಫಂಡ್ ಕಡಿತಮಾಡುವ ಶುಲ್ಕ) ಬೀಳಬಹುದು; ಈಕ್ವಿಟಿ ಫಂಡಿನ, ಅಂದರೆ ಮುಖ್ಯವಾಗಿ ಷೇರುಗಳಲ್ಲಿ ಹಾಕುವ ಫಂಡಿನ, ಲಾಭಕ್ಕೆ ವರ್ಷದೊಳಗೆ 20 ಶೇಕಡಾ ತೆರಿಗೆ, ವರ್ಷ ದಾಟಿದ ಮೇಲೆ 1.25 ಲಕ್ಷ ಮೀರಿದ ಭಾಗಕ್ಕೆ 12.5 ಶೇಕಡಾ.

ಪ್ರಶ್ನೆ: ಜನವರಿಯಲ್ಲಿ ತೊಗರಿ ಮಾರಿದ 6 ಲಕ್ಷ ಇದೆ. ಮುಂಗಾರು ಬಿತ್ತನೆಗೆ ಬೇಕು. ಬ್ಯಾಂಕಿನವರು ಈಕ್ವಿಟಿ ಫಂಡ್ ಎನ್ನುತ್ತಾರೆ.
— ರೈತರು, ಬೀದರ್ ಜಿಲ್ಲೆ

ಉತ್ತರ: ಬೇಡ. ಐದು ತಿಂಗಳಲ್ಲಿ ಬೀಜ, ಗೊಬ್ಬರಕ್ಕೆ ಬೇಕಾಗುವ ಹಣವನ್ನು ಷೇರು ಪೇಟೆಯ ಏರಿಳಿತಕ್ಕೆ ಒಡ್ಡಬಾರದು. ಮೇ ಕೊನೆಗೆ ಅವಧಿ ಮುಗಿಯುವಂತೆ 2 ಲಕ್ಷದ ಮೂರು ಎಫ್‌ಡಿ ಮಾಡಿಸಿ. ನಡುವೆ ಅಡಚಣೆಯಾದರೆ ಒಂದನ್ನಷ್ಟೇ ಮುರಿದರಾಯಿತು.